ಬ್ಲಾಗಿನಿಂದ ಸುದ್ದಿ ತಗೊಂಡರೆ ಹೆಸರು ಹಾಕಿ

ಸಂಪಾದಕರಿಗೆ ನಮಸ್ಕಾರ,

ರಾಜಕೀಯ ಬ್ಲಾಗುಗಳ ಕಾಲ ಮುಗೀತು ಅಂತ ಆಗಾಗ ಯಾರಾದರೂ ಹೇಳುತ್ತಿರುತ್ತಾರೆ. ಯಾರಿಂದ ಮುಗೀತು ಅನ್ನೋ ಪಟ್ಟಿಯೂ ಅವರ ಬಳಿ ರೆಡಿ ಇರುತ್ತದೆ: ಸರ್ಕಾರ, ಪೊಲೀಸರು, ಯೂಟ್ಯೂಬು, ಎರಡು ಪ್ಯಾರಾ ಓದುವ ತಾಳ್ಮೆ ಇಲ್ಲದ ಹುಡುಗರು. ಆ ಪಟ್ಟಿಯಲ್ಲಿ ಪತ್ರಿಕೆಗಳು ಮಾತ್ರ ಇರುವುದಿಲ್ಲ. ನಿಮ್ಮ ಹೆಸರೂ ಸೇರಿಸೋಣ ಅಂತಲೇ ಈ ಪತ್ರ. ಬೇಜಾರು ಮಾಡ್ಕೋಬೇಡಿ.

ನಮ್ಮ ತಾಲ್ಲೂಕಿನಲ್ಲಿ ಒಬ್ಬರು ಬ್ಲಾಗ್ ಬರೆಯುತ್ತಾರೆ. ಹಗಲೆಲ್ಲ ಗೊಬ್ಬರದ ಅಂಗಡಿ, ರಾತ್ರಿ ಈ ಕೆಲಸ. ಕಳೆದ ವಿಧಾನಸಭೆ ಚುನಾವಣೆಯಲ್ಲಿ ಅವರು ಒಬ್ಬ ಅಭ್ಯರ್ಥಿಯ 2018ರ ಆಸ್ತಿ ವಿವರದ ಅಫಿಡವಿಟ್ಟನ್ನೂ 2023ರದ್ದನ್ನೂ ಚುನಾವಣಾ ಆಯೋಗದ ವೆಬ್‌ಸೈಟಿನಿಂದ ಇಳಿಸಿಕೊಂಡು ಸಾಲು ಸಾಲಾಗಿ ಹೋಲಿಸಿದರು. ಮೊದಲನೆಯದರಲ್ಲಿ ಹೆಂಡತಿ ಹೆಸರಿನಲ್ಲಿದ್ದ ಒಂದು ಸರ್ವೆ ನಂಬರ್ ಎರಡನೆಯದರಲ್ಲಿ ಇರಲಿಲ್ಲ. ಮಾರಿರಬಹುದು, ತಪ್ಪೇನಿಲ್ಲ. ಹಾಗಾಗಿ ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆಸಿ ನೋಡಿದರು. ಜಮೀನು ಇನ್ನೂ ಅದೇ ಹೆಸರಿನಲ್ಲಿತ್ತು. ಮೂರೂ ಕಾಗದ ಪಕ್ಕಪಕ್ಕ ಇಟ್ಟು, ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಸ್ಕ್ಯಾನ್ ಮಾಡಿ ಹಾಕಿದರು. ಬೈಗುಳ ಇಲ್ಲ, ಘೋಷಣೆ ಇಲ್ಲ, ಕೊನೆಗೆ ಅಭ್ಯರ್ಥಿಯ ಉತ್ತರ ಬಂದರೆ ಅದನ್ನೂ ಇಲ್ಲೇ ಹಾಕುತ್ತೇನೆ ಅಂತ ಒಂದು ಸಾಲು.

ವಾರದೊಳಗೆ ಅದು ಒಂದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂತು. ಯಾವ ಪತ್ರಿಕೆ ಅಂತ ಹೇಳಲ್ಲ, ನಿಮ್ಮದಲ್ಲ. 'ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡುತ್ತಿರುವ ದಾಖಲೆಗಳ ಪ್ರಕಾರ' ಅಂತ ಶುರು. ಫೋಟೊದಲ್ಲಿ ಅವರ ಕೆಂಪು ಗೆರೆ ಹಾಗೇ ಇದೆ, ಕೆಳಗಿದ್ದ ಬ್ಲಾಗಿನ ಹೆಸರು ಮಾತ್ರ ಕಟ್ ಆಗಿದೆ! ದಾಖಲೆಗಳು ತಾವಾಗಿಯೇ ಹರಿದಾಡುವುದಿಲ್ಲ ಸ್ವಾಮಿ, ಅವನ್ನು ಯಾರೋ ಕೂತು ಹುಡುಕಿರುತ್ತಾರೆ. ಇದೇ ಕೆಲಸವನ್ನು ಇನ್ನೊಂದು ಪತ್ರಿಕೆಯವರು ಮಾಡಿದ್ದಿದ್ದರೆ ಹೀಗೆ ಎತ್ತಿಕೊಳ್ಳುವ ಧೈರ್ಯ ಇರುತ್ತಿತ್ತಾ?

ಕನ್ನಡದಲ್ಲಿ ಇಂಥ ಬರವಣಿಗೆಗೆ ಒಂದು ಒಳ್ಳೇ ಕಾಲ ಇತ್ತು. 2005ರಲ್ಲಿ ಯಾರು ಬೇಕಾದರೂ ಬರೆಯಬಹುದಾದ ಸಂಪದ ಅನ್ನೋ ವೆಬ್‌ಸೈಟ್ ಬಂತು, ಯೂನಿಕೋಡ್‌ನಲ್ಲಿ ಕನ್ನಡ ಟೈಪ್ ಮಾಡೋದನ್ನೇ ಎಷ್ಟೋ ಜನ ಅಲ್ಲಿ ಕಲಿತರು. ಆಮೇಲೆ ಪತ್ರಿಕೆ, ಟಿವಿಗಳ ತಪ್ಪನ್ನೇ ಎತ್ತಿ ತೋರಿಸುತ್ತಿದ್ದ ಸಂಪಾದಕೀಯ ಬ್ಲಾಗ್, ರವಿ ಕೃಷ್ಣಾರೆಡ್ಡಿಯವರ ವರ್ತಮಾನ ಬ್ಲಾಗ್ ಬಂದವು. (ಅವರು ಮುಂದೆ ಕೆಆರ್‌ಎಸ್, ಅಂದರೆ ಕರ್ನಾಟಕ ರಾಷ್ಟ್ರ ಸಮಿತಿ, ಅಂತ ಪಕ್ಷವನ್ನೇ ಕಟ್ಟಿದರು. ಬರೆದು ಬರೆದು ಸಾಕಾಯ್ತೇನೋ!) ಅಡ್ಡಿ ಆಗಲೂ ಇತ್ತು. 2006ರ ಜುಲೈನಲ್ಲಿ ಮುಂಬೈ ರೈಲು ಸ್ಫೋಟದ ನಂತರ ಸರ್ಕಾರ ಕೆಲವು ಪುಟಗಳನ್ನು ಮುಚ್ಚಿ ಅಂದರೆ ಇಂಟರ್ನೆಟ್ ಕಂಪನಿಗಳು ಇಡೀ ಬ್ಲಾಗ್‌ಸ್ಪಾಟನ್ನೇ ಮುಚ್ಚಿ ಕೂತಿದ್ದವು. ಆದರೂ ಜನ ಬರೆದರು, ಯಾಕೆಂದರೆ ಓದುವವರು ಬರೆದವರ ಪುಟಕ್ಕೇ ಬರುತ್ತಿದ್ದರು.

ಈಗ ಬರುವುದಿಲ್ಲ. ಅದು ಎಷ್ಟರ ಮಟ್ಟಿಗೆ ಅನ್ನೋದಕ್ಕೆ ಒಂದು ಕೋರ್ಟ್ ಆದೇಶವೇ ಸಾಕ್ಷಿ. 2025ರ ಜುಲೈನಲ್ಲಿ ಧರ್ಮಸ್ಥಳದಲ್ಲಿ ಶವಗಳನ್ನು ಗುಟ್ಟಾಗಿ ಹೂತಿದ್ದಾರೆ ಅನ್ನೋ ಆರೋಪದ ವಿಷಯದಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟು ಎದುರುಪಕ್ಷದ ಮಾತು ಕೇಳುವ ಮೊದಲೇ 8,842 ಲಿಂಕ್‌ಗಳನ್ನು ತೆಗೆಯಿರಿ ಅಂತ ಮಧ್ಯಂತರ ಆದೇಶ ಕೊಟ್ಟಿತಲ್ಲ, ಆ ಪಟ್ಟಿ ನೋಡಿ. ಯೂಟ್ಯೂಬ್ ವಿಡಿಯೊ 4,140, ಇನ್‌ಸ್ಟಾಗ್ರಾಂ ಪೋಸ್ಟು 3,584, ಫೇಸ್‌ಬುಕ್ಕಿನವು 932. ಸುದ್ದಿ ಲೇಖನ ಅಂತ ಇದ್ದದ್ದು ಬರೀ 108. ಅಂದರೆ ಇಡೀ ರಾಜ್ಯ ಮಾತಾಡುತ್ತಿದ್ದ ವಿಷಯದಲ್ಲೂ ಕೂತು ಬರೆದದ್ದು ಇಷ್ಟೇ ಇಷ್ಟು. ವಿಡಿಯೊ ಮಾಡೋರ ಮೇಲೆ ನನಗೇನೂ ಸಿಟ್ಟಿಲ್ಲ, ಕೆಲವರು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಇಪ್ಪತ್ತು ನಿಮಿಷದ ವಿಡಿಯೊದಲ್ಲಿ ಆ ಸರ್ವೆ ನಂಬರ್ ಎಲ್ಲಿ ಹೇಳಿದರು ಅಂತ ಆರು ತಿಂಗಳು ಬಿಟ್ಟು ಹುಡುಕಿ ನೋಡಿ, ಸಿಗಲ್ಲ. ತಪ್ಪಿದ್ದರೆ ಒಂದು ಸಾಲು ತಿದ್ದೋಕೂ ಆಗಲ್ಲ.

ಅದೇ ಪ್ರಕರಣದಲ್ಲಿ ಕುಡ್ಲ ರಾಂಪೇಜ್ ಅನ್ನೋ ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಯಿತು, ಆಗಸ್ಟ್ 1ರಂದು ತನ್ನ ಮಟ್ಟಿಗೆ ಆ ಆದೇಶ ರದ್ದು ಮಾಡಿಸಿಕೊಂಡಿತು. ಹೋದದ್ದಕ್ಕೆ ಸಿಕ್ಕಿತು. ಗೊಬ್ಬರದ ಅಂಗಡಿಯವರು ವಕೀಲರ ಫೀಸ್ ಕಟ್ಟಿ ಬೆಂಗಳೂರಿಗೆ ಓಡಾಡುತ್ತಾರಾ? ಅವರು ಸುಮ್ನೆ ಪೋಸ್ಟ್ ತೆಗೆದುಹಾಕುತ್ತಾರೆ. ಆನ್‌ಲೈನ್‌ನಲ್ಲಿ ಬರೆದದ್ದಕ್ಕೆ ಜೈಲಿಗೆ ಕಳಿಸಬಹುದಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ಹೊಡೆದುಹಾಕಿತು, ಸತ್ಯ ಯಾವುದು ಅಂತ ಸರ್ಕಾರವೇ ಹೇಳುವ ಫ್ಯಾಕ್ಟ್‌ಚೆಕ್ ಘಟಕವನ್ನು ಬಾಂಬೆ ಹೈಕೋರ್ಟ್ 2024ರಲ್ಲಿ ರದ್ದು ಮಾಡಿತು, ಎಲ್ಲ ಸರಿ. ಆದರೆ ಸಣ್ಣ ಊರಲ್ಲಿ ಒಂದು ಲಾಯರ್ ನೋಟಿಸೇ ಸಾಕಾಗುತ್ತದೆ. ಸಾಲದ್ದಕ್ಕೆ 2023ರ ಡೇಟಾ ಸಂರಕ್ಷಣೆ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ) ಕಲಮನ್ನೇ ತಿದ್ದಿ, 'ವೈಯಕ್ತಿಕ ಮಾಹಿತಿ' ಅಂತ ಬರೆದು ಅರ್ಜಿ ವಾಪಸ್ ಕಳಿಸೋದನ್ನು ಅಧಿಕಾರಿಗಳಿಗೆ ಇನ್ನೂ ಸಲೀಸು ಮಾಡಿಟ್ಟಿದೆ.

ಇಂಥ ಹೊತ್ತಲ್ಲಿ ಪತ್ರಿಕೆಯಲ್ಲಿ ಬರುವ ಒಂದು ಹೆಸರಿಗೆ ಬೆಲೆ ಜಾಸ್ತಿ. 'ಇಂಥ ಬ್ಲಾಗಿನಲ್ಲಿ ಮೊದಲು ಪ್ರಕಟವಾದ ದಾಖಲೆಗಳನ್ನು ನಾವೂ ಪರಿಶೀಲಿಸಿದ್ದೇವೆ' ಅಂತ ನೀವು ಬರೆದರೆ ನೋಟಿಸ್ ಕಳಿಸೋನು ಒಂದು ಸಲ ಯೋಚನೆ ಮಾಡುತ್ತಾನೆ. ತಾಲ್ಲೂಕು ಕಚೇರಿಯ ಗುಮಾಸ್ತರೂ ಮುಂದಿನ ಸಲ ಕುರ್ಚಿ ಕೊಡುತ್ತಾರೆ. ಬ್ಲಾಗಿನ ವಿಷಯ ತಪ್ಪಿದ್ದರೆ ತಪ್ಪು ಅಂತಲೂ ಹೆಸರು ಹಾಕಿಯೇ ಬರೆಯಿರಿ, ಅದೂ ಬೇಕು.

ಲಾಭ ನಿಮಗೂ ಇದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ಕ್ಕೆ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ದರ್ಬಾರು. ಆ ವರ್ಷಗಳಲ್ಲಿ ನಮ್ಮ ತಾಲ್ಲೂಕು ಪಂಚಾಯಿತಿಯ ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಅರ್ಜಿ ಹಾಕಿ, ಬಿಲ್ಲುಗಳ ನಕಲು ಪಡೆದು ಜೋಡಿಸಿಟ್ಟದ್ದು ಈ ಬ್ಲಾಗಿನವರೇ, ನಮ್ಮೂರಿನ ಯಾವ ವರದಿಗಾರರೂ ಅಲ್ಲ. ವರದಿಗಾರರನ್ನು ಬೈಯುತ್ತಿಲ್ಲ. ಸುದ್ದಿಯ ಜೊತೆ ಜಾಹೀರಾತನ್ನೂ ತರಬೇಕು ಅಂತ ಅವರ ತಲೆ ಮೇಲೆ ಹೊರೆ ಹಾಕಿರೋದು ಯಾರು ಅಂತ ನಿಮಗೇ ಗೊತ್ತು.

ಹಾಗಾಗಿ ಕೇಳುವುದು ಇಷ್ಟು. ಮೊದಲು ಬರೆದವರ ಹೆಸರನ್ನು ಸುದ್ದಿಯ ಒಳಗೇ ಹಾಕಿ, ಕೊನೆಯ ಸಾಲಿನಲ್ಲಿ ಅಲ್ಲ. ನಿಮ್ಮ ವೆಬ್‌ಸೈಟಿನಲ್ಲಿ ಮೂಲ ಪುಟದ ಲಿಂಕ್ ಕೊಡಿ. ಅವರ ಸ್ಕ್ಯಾನ್ ಬಳಸಿದರೆ ನಿಮ್ಮ ಹವ್ಯಾಸಿ ಛಾಯಾಗ್ರಾಹಕರಿಗೆ ಕೊಡುವಷ್ಟೇ ಸಂಭಾವನೆ ಅವರಿಗೂ ಕಳಿಸಿ. ಆ ತಾಲ್ಲೂಕು ಪಂಚಾಯಿತಿ ಬಿಲ್ಲುಗಳು ಬ್ಲಾಗಿನಲ್ಲಿ ಇನ್ನೂ ಇವೆ, ಯಾವ ಪತ್ರಿಕೆಯೂ ಮುಟ್ಟಿಲ್ಲ. ಬೇಕಿದ್ದರೆ ವಿಳಾಸ ಕಳಿಸುತ್ತೇನೆ.

ಇಂತಿ,
ತಾಲ್ಲೂಕಿನ ಒಬ್ಬ ಓದುಗ