ಆಳ ನೋಡದೆ ಬಂಡೆಯಿಂದ ಹಾರಿಸಿದ್ದರ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಸಾಹಸ ಕ್ರೀಡೆ ತರಬೇತಿ ಕೇಂದ್ರ

ಮಾನ್ಯರೇ,

ಕಳೆದ ಭಾನುವಾರ ನಾನು, ನನ್ನ ಮಗಳು ನಿಮ್ಮ ಒಂದು ದಿನದ ತರಬೇತಿಗೆ ಬಂದಿದ್ದೆವು. ಬೆಳಿಗ್ಗೆ ಕೋಸ್ಟೀರಿಂಗ್, ಅಂದರೆ ಕಡಲಂಚಿನ ಬಂಡೆ ಹತ್ತಿ, ನೀರಿಗೆ ಹಾರಿ, ಈಜುತ್ತಾ ಸಾಗುವುದು; ಮಧ್ಯಾಹ್ನ ಸರ್ಫಿಂಗ್. ಒಂಬತ್ತಕ್ಕೆ ಉಬ್ಬರ ಇರುತ್ತದೆ, ಸರಿಯಾಗಿ ಆಗಲೇ ಹೊರಡುತ್ತೇವೆ ಎಂದು ನೀವೇ ಬರೆದು ಕಳಿಸಿದ್ದಿರಿ. ಹೊರಟಿದ್ದು ಹತ್ತೂವರೆಗೆ. ಎಲ್ಲರ ಅಳತೆಯ ವೆಟ್‌ಸೂಟ್, ಹೆಲ್ಮೆಟ್ ಹುಡುಕುವುದರಲ್ಲೇ ಅಷ್ಟು ಹೊತ್ತು ಹೋಯಿತು.

ಕಾಯಿಸಿದ್ದು ಇರಲಿ. ಆದರೆ ಆ ಒಂದೂವರೆ ಗಂಟೆಯೂ ನೀರು ಇಳಿಯುತ್ತಲೇ ಇತ್ತು. ದಿನಕ್ಕೆ ಎರಡು ಸಲ ಉಬ್ಬರ ಬರುವ ಕಡೆ, ಅದು ಪೂರ್ತಿ ಇಳಿಯಲು ಸುಮಾರು 6 ಗಂಟೆ ಬೇಕು. ಮೂರನೇ, ನಾಲ್ಕನೇ ಗಂಟೆಯಲ್ಲಿ ಇಳಿಯುವ ವೇಗ ಜಾಸ್ತಿ. ನಾವು ಹಾರುವ ಬಂಡೆ ತಲುಪಿದಾಗ ಹನ್ನೆರಡು ಹತ್ತಿರವಾಗಿತ್ತು. ಬಂಡೆಯ ಮೇಲಿನ ಒದ್ದೆ ಗುರುತು ನೀರಿಗಿಂತ ಮೂರಡಿ ಮೇಲಿತ್ತು. ನನ್ನ ಕಣ್ಣಿಗೂ ಬಿದ್ದಿತ್ತು. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಕಲಿಸುವವರಿಗೆ ಗೊತ್ತಿರಬೇಕಿತ್ತು ಅಲ್ವಾ?

ನಿಮ್ಮ ತರಬೇತುದಾರರು ನೀರಿಗೆ ಇಳಿದು ಆಳ ನೋಡಲಿಲ್ಲ. ತಾವು ಮೊದಲು ಹಾರಲೂ ಇಲ್ಲ. "ನಿನ್ನೆ ಇಲ್ಲೇ ಹಾರಿಸಿದ್ದೇವೆ, ಹಾರಿ" ಎಂದರು ಅಷ್ಟೇ. ಮಗಳು ಹಾರಿದಳು. ನೀರೊಳಗಿನ ಕಲ್ಲಿಗೆ ಹಿಮ್ಮಡಿ ಬಡಿಯಿತು. ದಪ್ಪ ಶೂ ಇದ್ದದ್ದಕ್ಕೆ ಮೂಳೆ ಉಳಿಯಿತು. ತಲೆಯೋ ಬೆನ್ನೋ ಆಗಿದ್ದರೆ ಎಂದು ನೆನೆದರೆ ಈಗಲೂ ಕೈ ನಡುಗುತ್ತದೆ.

ಸರ್ಫಿಂಗ್ ಕಲಿಸಿದವರ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲು ಮರಳಿನ ಮೇಲೇ ಬೋರ್ಡ್ ಇಟ್ಟು, ಮಲಗಿದಲ್ಲಿಂದ ಎದ್ದು ನಿಲ್ಲುವುದನ್ನು ಮಾಡಿಸಿದರು. ಬಿದ್ದರೆ ಕೈಯಿಂದ ತಲೆ ಮುಚ್ಚಿಕೊಳ್ಳಿ ಎಂದರು. ಕಡಲೊಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕರೆ ನೇರ ದಡಕ್ಕೆ ಈಜಿ ಸುಸ್ತಾಗಬೇಡಿ, ಬೋರ್ಡ್ ಬಿಡಬೇಡಿ, ದಡದ ಉದ್ದಕ್ಕೂ ಸಾಗಿ ಸೆಳೆತದಿಂದ ಹೊರಬನ್ನಿ ಎಂದು ತಾಳ್ಮೆಯಿಂದ ಹೇಳಿಕೊಟ್ಟರು. ಇದೇ ಎಚ್ಚರ ಬೆಳಿಗ್ಗೆಯೂ ಇದ್ದಿದ್ದರೆ! ತಿಂಗಳುಗಟ್ಟಲೆ ಸರ್ಫಿಂಗ್‌ಗೆ ಕಾದಿದ್ದ ಮಗಳು ಊದಿದ ಕಾಲು ಚಾಚಿಕೊಂಡು ಮರಳಲ್ಲಿ ಸುಮ್ನೆ ಕೂತಿದ್ದಳು.

ಅವಳ ಇಡೀ ದಿನದ ಶುಲ್ಕ, ಚಿಕಿತ್ಸೆಯ ಖರ್ಚು ವಾಪಸ್ ಕೊಡಿ. ಅದಕ್ಕಿಂತ ಮುಖ್ಯವಾಗಿ, ಪ್ರತಿ ತಂಡ ಹಾರುವ ಮುಂಚೆ ತರಬೇತುದಾರರು ನೀರಿಗಿಳಿದು ಆಳ ನೋಡಬೇಕು. ಹೊರಡುವುದು ತಡವಾಗಿ ನೀರು ಇಳಿದಿದ್ದರೆ ಹಾರಿಸುವುದನ್ನೇ ಕೈಬಿಡಬೇಕು. ಇದನ್ನು ನಿಯಮ ಮಾಡಿದ್ದೀರಿ ಎಂದು 15 ದಿನದೊಳಗೆ ಬರಹದಲ್ಲಿ ತಿಳಿಸಿ.

ಕಾಲು ವಾಸಿಯಾದ ಮೇಲೆ ಸರ್ಫಿಂಗ್ ಕಲಿಯಲೇಬೇಕು ಎನ್ನುತ್ತಿದ್ದಾಳೆ ಮಗಳು. ನಿಮ್ಮಲ್ಲಿಗೇ ಕಳಿಸಬೇಕೋ ಬೇಡವೋ ಎನ್ನುವುದನ್ನು ನಿಮ್ಮ ಉತ್ತರ ನೋಡಿ ತೀರ್ಮಾನಿಸುತ್ತೇನೆ.

ಇಂತಿ,
ನಿಮ್ಮಲ್ಲಿ ತರಬೇತಿಗೆ ಬಂದ ತಾಯಿ