ಜಾಥಾ ಸಾಕು, ಚಿಕಿತ್ಸೆ ಕೊಡಿ

ಮಾನ್ಯ ಸಂಪಾದಕರೇ,

ಮಾದಕ ವಸ್ತು ವಿರೋಧಿ ದಿನದ ಜಾಥಾ ಯಶಸ್ವಿಯಾಯಿತೆಂಬ ನಿಮ್ಮ ಪತ್ರಿಕೆಯ ವರದಿಯನ್ನು ಓದಿ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಅದೇ ಜಾಥಾಕ್ಕಾಗಿ ಆಸ್ಪತ್ರೆಯ ರಸ್ತೆಯನ್ನು ಮುಚ್ಚಿದ್ದರಿಂದ, ಹೆರಾಯಿನ್ ಚಟಕ್ಕೆ ಚಿಕಿತ್ಸೆ ಪಡೆಯುತ್ತಿರುವ ನನ್ನ ತಂಗಿಯ ಮಗನೊಂದಿಗೆ ಆಟೋ ಇಳಿದು, ಮಳೆಯಲ್ಲಿ ನೆನೆದು, ಸುತ್ತು ದಾರಿಯಲ್ಲಿ ನಡೆದು ಹೋಗುವಷ್ಟರಲ್ಲಿ ಔಷಧ ಕೊಡುವ ಕಿಟಕಿ ಮುಚ್ಚಿತ್ತು. ಹೊಸದಾಗಿ ಸೇರಿದವರಿಗೆ ಅಲ್ಲಿ ಬ್ಯೂಪ್ರೆನಾರ್ಫಿನ್ (ಹೆರಾಯಿನ್ ಚಟಕ್ಕೆ ಬದಲಿಯಾಗಿ ಕೊಡುವ ಔಷಧ) ಮಾತ್ರೆಯನ್ನು ಮನೆಗೆ ಕೊಟ್ಟು ಕಳಿಸುವುದಿಲ್ಲ. ಸಿಬ್ಬಂದಿಯ ಎದುರಿನಲ್ಲೇ ನಾಲಿಗೆಯ ಕೆಳಗಿಟ್ಟು ಕರಗಿಸಿಕೊಳ್ಳಬೇಕು. ‘ನಾಳೆ ಬನ್ನಿ’ ಎಂದು ಹೇಳಿ ಕಳಿಸಿದರು. ಔಷಧ ತಪ್ಪಿದ್ದರಿಂದ ರಾತ್ರಿಯ ಹೊತ್ತಿಗೆ ಹುಡುಗನಿಗೆ ಮೇಲಿಂದ ಮೇಲೆ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಹೊಟ್ಟೆ ಹಿಂಡುವ ನೋವು. ಅವನು ಎದ್ದು ಹೊರಗೆ ಹೋಗದಂತೆ ನಾನು ಬಾಗಿಲಿಗೆ ಅಡ್ಡವಾಗಿ ಮಲಗಿದೆ. ಮರುದಿನ ಕಚೇರಿಗೆ ರಜೆ ಹಾಕಿದ್ದಕ್ಕೆ ಮೇಲಧಿಕಾರಿಯಿಂದ ಬೈಸಿಕೊಂಡೆ.

ಜಾಗೃತಿ ಮೂಡಿಸುವುದೊಂದೇ ತಡೆಗಟ್ಟುವಿಕೆಯಲ್ಲ, ಅದರಿಂದ ಪ್ರಯೋಜನವಾಗುತ್ತದೆ ಎಂಬುದಕ್ಕೆ ಸಂಶೋಧನೆಯ ಆಧಾರ ತೀರ ದುರ್ಬಲ ಎಂದು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು ಏಮ್ಸ್ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯೇ ಹೇಳಿದೆ. ಅದೇ ಸಮೀಕ್ಷೆಯ ಪ್ರಕಾರ ಅಕ್ರಮ ಮಾದಕ ವಸ್ತುಗಳ ವ್ಯಸನಿಗಳಲ್ಲಿ ಕೆಲವೇ ಮಂದಿಗೆ, ಮದ್ಯವ್ಯಸನಿಗಳಲ್ಲಿ ಸುಮಾರು 38 ಮಂದಿಗೆ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ದೊರೆತಿದೆ. ತಮ್ಮದೇ ಸರ್ಕಾರದ ವರದಿಯನ್ನು ಓದುವ ವ್ಯವಧಾನವೂ ಇಲ್ಲದವರು ಶಾಲಾ ಮಕ್ಕಳ ಕೈಗೆ ಫಲಕ ಕೊಟ್ಟು ಬೀದಿಗೆ ಕರೆತರುವುದು ಯಾವ ನೀತಿ?

ಸ್ವಯಂಪ್ರೇರಿತರಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿನ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಜಾಥಾದಲ್ಲಿ ಮೈಕು ಹಿಡಿದವರಲ್ಲಿ ಒಬ್ಬರಾದರೂ ಈ ಮಾತನ್ನು ಹೇಳಲಿಲ್ಲ; ಶಿಕ್ಷೆಯ ಭಯವನ್ನಷ್ಟೇ ಹುಟ್ಟಿಸಿದರು. ಹೆದರಿದ ಹುಡುಗ ಆಸ್ಪತ್ರೆಗೆ ಬರುವುದಿಲ್ಲ, ಅಡಗಿ ಕುಳಿತು ಸೂಜಿ ಚುಚ್ಚಿಕೊಳ್ಳುತ್ತಾನೆ.

ಈ ಅಧಿಕಾರಿಗಳ ಧೋರಣೆ ಇಂದಿನದಲ್ಲ. ರೋಗಿಗಳನ್ನು ಕೂಡಿಹಾಕಿ ಹೊಡೆಯುತ್ತಿದ್ದ ಖಾಸಗಿ ವ್ಯಸನಮುಕ್ತಿ ಕೇಂದ್ರವೊಂದರ ಬಗ್ಗೆ ಹಿಂದೆ ನಾನು ದೂರು ಕೊಟ್ಟಾಗ ಆರೋಗ್ಯ ಇಲಾಖೆಯವರು ಸಮಾಜ ಕಲ್ಯಾಣದವರನ್ನು ತೋರಿಸಿದರು, ಅವರು ಪೊಲೀಸರನ್ನು ತೋರಿಸಿದರು, ಪೊಲೀಸರು ಮತ್ತೆ ಆರೋಗ್ಯ ಇಲಾಖೆಗೇ ಅಟ್ಟಿದರು. ವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಪ್ತಿಗೆ ಸೇರಿಸಿದೆ. ಹಾಗಾಗಿ ಇಂಥ ಕೇಂದ್ರಗಳು ಆ ಕಾಯ್ದೆಯಡಿ ನೋಂದಣಿಯಾಗಿರಬೇಕು ಎಂಬುದನ್ನು ನಾನೇ ಮೂರೂ ಕಡೆ ವಿವರಿಸಬೇಕಾಯಿತು. ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕರ ಕುರ್ಚಿ ಆಗಲೂ ಖಾಲಿ ಇತ್ತು, ಈಗಲೂ ಖಾಲಿ ಇದೆ.

ಔಷಧದ ಕಿಟಕಿಯನ್ನು ಸಂಜೆಯವರೆಗೂ ತೆರೆದಿಡಬೇಕು, ಖಾಲಿ ಹುದ್ದೆ ತುಂಬಬೇಕು, ಸಂಬಂಧಪಟ್ಟವರು ಕೂಡಲೇ ಎಚ್ಚೆತ್ತುಕೊಳ್ಳಬೇಕು. ಸಂಬಳ ಪಡೆಯುವವರಿಗೆ ಇಷ್ಟನ್ನೂ ಪತ್ರಿಕೆಯಲ್ಲಿ ಬರೆದು ಹೇಳಬೇಕೇ?

– ನೊಂದ ಸೋದರಮಾವ