ಕಾರು ಪ್ರವಾಸ ಇನ್ನು ಮುಂದೆ ಕೆರೆಯಂಗಳಕ್ಕೆ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಲಾಸ್ ಏಂಜಲೀಸ್‌ಗೆ ಬರುವ ಕನ್ನಡಿಗರನ್ನು ನಮ್ಮ ಭಾನುವಾರದ ಕಾರು ಪ್ರವಾಸದಲ್ಲಿ ಇಷ್ಟು ದಿನ ಪೊಮೋನಾದ ಹಾಟ್ ರಾಡ್ (ವೇಗಕ್ಕಾಗಿ ಮಾರ್ಪಡಿಸಿದ ಕಾರು) ಮ್ಯೂಸಿಯಮ್ಮಿಗೆ ಕರೆದೊಯ್ಯುತ್ತಿದ್ದೆವು. ಇನ್ನು ಮುಂದೆ ಮೊಹಾವಿ ಮರುಭೂಮಿಯ ಎಲ್ ಮಿರಾಜ್ ಎಂಬ ಒಣಗಿದ ಕೆರೆಯಂಗಳಕ್ಕೆ ಹೋಗುತ್ತೇವೆ. ಅದೂ ಹಾಟ್ ರಾಡ್ ಕ್ಲಬ್‌ಗಳು ಅಲ್ಲಿ ಕಾರು ಓಡಿಸುವ ಭಾನುವಾರಗಳಲ್ಲಿ ಮಾತ್ರ.

ಮ್ಯೂಸಿಯಂ ಚೆನ್ನಾಗಿದೆ. ಆದರೆ ಅಲ್ಲಿ ಕಾರುಗಳು ಸುಮ್ನೆ ನಿಂತಿರುತ್ತವೆ. ಇವು ಓಡಿದ ಜಾಗ ಯಾವುದು ಎಂದು ನಿಮ್ಮಲ್ಲಿ ಹಲವರು ಕೇಳುತ್ತಲೇ ಇದ್ದಿರಿ.

ಅವು ಓಡಿದ್ದು ಇಂಥ ಒಣಗಿದ ಕೆರೆಗಳ ಅಂಗಳದಲ್ಲಿ. 1930ರ ದಶಕದಲ್ಲಿ ಇಲ್ಲಿನ ಹುಡುಗರು ಹಳೆಯ ಫೋರ್ಡ್ ಕಾರು ಕೊಂಡು, ಮಡ್‌ಗಾರ್ಡ್, ಬಾನೆಟ್ ಎಲ್ಲ ಕಿತ್ತು ಹಗುರ ಮಾಡಿ, ಅದೇ ಮರುಭೂಮಿಯ ಮುರಾಕ್ ಎಂಬ ಕೆರೆಯಂಗಳಕ್ಕೆ ತರುತ್ತಿದ್ದರು. ಕಣ್ಣು ಹಾಯುವವರೆಗೂ ಸಪಾಟಾದ ಗಟ್ಟಿ ಜೇಡಿ ನೆಲ. ಮೊದಮೊದಲು ಹಲವು ಕಾರುಗಳನ್ನು ಒಟ್ಟಿಗೇ ಬಿಡುತ್ತಿದ್ದರು. ಮುಂದಿದ್ದವನಿಗೆ ದಾರಿ ಕಾಣುತ್ತಿತ್ತು, ಹಿಂದಿದ್ದವರಿಗೆ ಬರೀ ಧೂಳು. ಅಪಘಾತಗಳಾದವು. 1937ರಲ್ಲಿ ರೋಡ್ ರನ್ನರ್ಸ್ ಮುಂತಾದ ಕ್ಲಬ್‌ಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿಕೊಂಡವು. 1938ರ ಮೇ 15ರಂದು ಮುರಾಕ್‌ನಲ್ಲೇ ಅದರ ಮೊದಲ ಓಟ ನಡೆಯಿತು. ಆಮೇಲೆ ಆ ಜಾಗ ಸೇನೆಯ ಪಾಲಾಯಿತು, ಈಗಿನ ಎಡ್ವರ್ಡ್ಸ್ ವಾಯುನೆಲೆ ಅದೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಲಬ್‌ಗಳು ಎಲ್ ಮಿರಾಜ್‌ಗೆ ಬಂದವು.

ರೋಡ್ ರನ್ನರ್ಸ್‌ನಲ್ಲಿದ್ದ ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಶುರು ಮಾಡಿದರು. ಪೊಮೋನಾದ ಮ್ಯೂಸಿಯಮ್ಮಿಗೆ ಇಟ್ಟಿರುವುದು ಅವರ ಹೆಸರನ್ನೇ.

ಎಲ್ ಮಿರಾಜ್‌ನಲ್ಲಿ ಇವತ್ತಿಗೂ ಓಡಿಸಬೇಕೆಂದರೆ ಯಾವುದಾದರೂ ಕ್ಲಬ್ಬಿನ ಸದಸ್ಯರಾಗಿರಬೇಕು. ಈಗ ಒಂದು ಸಲಕ್ಕೆ ಒಂದೇ ಕಾರು. ಅದರ ವೇಗ ಅಳೆದು ಬರೆದುಕೊಳ್ಳುತ್ತಾರೆ. ಗೆದ್ದವರಿಗೆ ದುಡ್ಡಿನ ಬಹುಮಾನವಿಲ್ಲ. ದಾಖಲೆ ಪುಸ್ತಕದಲ್ಲಿ ಹೆಸರು ಬಂದರೆ ಅದೇ ದೊಡ್ಡದು. ಅದಕ್ಕಾಗಿ ವರ್ಷಗಟ್ಟಲೆ ಮನೆಯ ಗ್ಯಾರೇಜಿನಲ್ಲಿ ಕೂತು ಎಂಜಿನ್ ಕಟ್ಟುವವರನ್ನು ನೀವು ಹತ್ತಿರದಿಂದ ನೋಡಬೇಕು ಎಂಬುದು ನಮ್ಮ ಆಸೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇವೆ. ಮಳೆ ಬಂದು ಅಂಗಳ ಒದ್ದೆಯಾದರೆ ಓಟ ರದ್ದಾಗುತ್ತದೆ. ಆಗ ನಿಮ್ಮ ಹಣ ಪೂರ್ತಿ ವಾಪಸ್ ಕೊಡುತ್ತೇವೆ, ಇಲ್ಲವೇ ಮುಂದಿನ ಓಟಕ್ಕೆ ಕರೆದೊಯ್ಯುತ್ತೇವೆ. ದರ ಹಳೆಯದೇ. ಸುಮಾರು ಎರಡು ಗಂಟೆಯ ದಾರಿ, ಹಾಗಾಗಿ ಬೆಳಗಿನ ಜಾವ 4:30ಕ್ಕೇ ಹೊರಡುತ್ತೇವೆ. ಅಲ್ಲಿ ಒಂದು ಮರದ ನೆರಳೂ ಇಲ್ಲ. ಟೋಪಿ ಮರೆಯಬೇಡಿ. ನೀರು, ಊಟ ನಾವೇ ತರುತ್ತೇವೆ.

ಹಿರಿಯರು, ಪುಟ್ಟ ಮಕ್ಕಳು ಇರುವವರಿಗೆ ಮ್ಯೂಸಿಯಮ್ಮೇ ಅನುಕೂಲ ಅಲ್ವಾ? ಬುಕ್ ಮಾಡುವಾಗ ಹೇಳಿ, ಬೇರೆ ದಿನ ಅಲ್ಲಿಗೂ ಕರೆದುಕೊಂಡು ಹೋಗುತ್ತೇವೆ.

ಇಂತಿ,
ನಿಮ್ಮ ಪ್ರವಾಸ ತಂಡ